ಆಫೀಸಿನ ನಗು: ಸಿಲಬಸ್ಸಿನಲ್ಲಿ ಇಲ್ಲದ ಪಾಠ

ನಾಲ್ಕು ವರ್ಷದಲ್ಲಿ ನಮಗೆ ಗಣಿತ ಕಲಿಸ್ತಾರೆ, ಸರ್ಕ್ಯೂಟ್ ಕಲಿಸ್ತಾರೆ, ಕೋಡ್ ಬರೆಯೋದು ಕಲಿಸ್ತಾರೆ. ಪ್ಲೇಸ್‌ಮೆಂಟ್ ಹತ್ತಿರ ಬಂದಾಗ ಟೈ ಕಟ್ಟೋದು, ಕೈ ಕುಲುಕೋದು, ಗ್ರೂಪ್ ಡಿಸ್ಕಷನ್‌ನಲ್ಲಿ ಮಾತಾಡೋದನ್ನೂ ಹೇಳಿಕೊಡ್ತಾರೆ. ಕೆಲಸದ ಜಾಗದಲ್ಲಿ ಯಾವಾಗ ನಗಬೇಕು, ಯಾರನ್ನು ನಗಿಸಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಅನ್ನೋದನ್ನು ಮಾತ್ರ ಯಾರೂ ಹೇಳಲ್ಲ. ಅದು ತಾನಾಗೇ ಬರುತ್ತೆ ಅಂದುಕೊಳ್ತೀವಿ. ನಾನೂ ಹಾಗೇ ಅಂದುಕೊಂಡಿದ್ದೆ, ಇಂಟರ್ನ್‌ಶಿಪ್ ಮುಗಿಯೋವರೆಗೆ. ಆ ಕಥೆಗೆ ಆಮೇಲೆ ಬರ್ತೀನಿ. ಮೊದಲು ಸ್ವಲ್ಪ ಥಿಯರಿ.

ನಗು ಅಂದ್ರೆ ಏನು?

ನಗುವಿನ ವಿಂಗಡಣೆ ನಮ್ಮಲ್ಲಿ ಬಹಳ ಹಳೆಯದು. ಭರತನ ನಾಟ್ಯಶಾಸ್ತ್ರದ ಆರನೇ ಅಧ್ಯಾಯದಲ್ಲಿ ಹಾಸ್ಯರಸದ ಆರು ಬಗೆಗಳಿವೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಸ್ಮಿತ ಅಂದ್ರೆ ಹಲ್ಲು ಕಾಣದಂಥ ಮುಗುಳ್ನಗೆ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಹೋಗಿ ಕೊನೆಗೆ ಅಬ್ಬರದ ನಗು. ಐದನೆಯದಾದ ಅಪಹಸಿತದ ಲಕ್ಷಣ ನೋಡಿ: ನಗಬಾರದ ಜಾಗದಲ್ಲಿ, ಕಣ್ಣಲ್ಲಿ ನೀರು ಬರುವಷ್ಟು, ಹೆಗಲು ತಲೆ ಅಲ್ಲಾಡುವ ಹಾಗೆ ನಗೋದು. ನಗು ಎಷ್ಟು ಜೋರು ಅನ್ನೋದರ ಜೊತೆಗೆ ಎಲ್ಲಿ ನಗ್ತೀವಿ ಅನ್ನೋದನ್ನೂ ಆ ಕಾಲದಲ್ಲೇ ಲೆಕ್ಕಕ್ಕೆ ತಗೊಂಡಿದ್ದರು.

ಈ ಕಾಲದ ವಿವರಣೆಗಳಲ್ಲಿ ನನಗೆ ಹಿಡಿಸಿದ್ದು ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರೆನ್ 2010ರಲ್ಲಿ ಮುಂದಿಟ್ಟದ್ದು. ಅವರ ಪ್ರಕಾರ ಏನೋ ಒಂದು ನಿಯಮ ಮುರಿಯಬೇಕು, ಅದರಿಂದ ಅಪಾಯ ಇಲ್ಲ ಅಂತಲೂ ಗೊತ್ತಿರಬೇಕು, ಇವೆರಡೂ ಒಟ್ಟಿಗೆ ಹೊಳೆದಾಗ ನಗು ಬರುತ್ತೆ. ಕಚಗುಳಿಯನ್ನೇ ನೋಡಿ. ನಮಗೆ ನಾವೇ ಇಟ್ಟುಕೊಂಡರೆ ನಗು ಬರಲ್ಲ, ಯಾಕಂದ್ರೆ ಅಲ್ಲಿ ಏನೂ ಮುರಿದಿಲ್ಲ. ಬಸ್ಸಿನಲ್ಲಿ ಯಾರೋ ಅಪರಿಚಿತ ಇಟ್ಟರೂ ನಗು ಬರಲ್ಲ, ಯಾಕಂದ್ರೆ ಅದು ಅಪಾಯ. ಗೆಳೆಯ ಇಟ್ಟರೆ ಮಾತ್ರ ನಗ್ತೀವಿ.

ಇನ್ನೊಂದು ಮಾತು. ಆಫೀಸಿನಲ್ಲಿ ಹಾಸ್ಯ ಅಂದ್ರೆ ಜೋಕು ಹೇಳೋದು ಅಂತ ಹೆದರಬೇಡಿ. ಅಮೆರಿಕದ ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ಜನ ನಿಜವಾಗಿ ಯಾವಾಗ ನಗ್ತಾರೆ ಅಂತ ಮಾಲ್‌ಗಳಲ್ಲಿ, ಕ್ಯಾಂಪಸ್ಸಿನಲ್ಲಿ ಓಡಾಡಿ ಗಮನಿಸಿದರು. ನಗುವಿಗೆ ಮುಂಚಿನ ಮಾತು ಜೋಕಿನ ಹಾಗಿದ್ದದ್ದು 10ರಿಂದ 20 ಶೇಕಡಾ ಸಲ ಮಾತ್ರ. ಉಳಿದದ್ದೆಲ್ಲ "ಸರಿ, ನಾಳೆ ಸಿಗೋಣ" ಥರದ ಸಾದಾ ಮಾತು. ಒಬ್ಬರೇ ಇದ್ದಾಗಿಗಿಂತ ಜೊತೆಯಲ್ಲಿದ್ದಾಗ ಸುಮಾರು 30 ಪಟ್ಟು ಹೆಚ್ಚು ನಗ್ತೀವಿ ಅಂತಲೂ ಅವರು ಕಂಡುಕೊಂಡರು. ನಗು ನಮ್ಮನ್ನು ಒಬ್ಬರಿಗೊಬ್ಬರನ್ನು ಹತ್ತಿರ ತರುವ ಅಂಟು. ಅಂಟಿಸೋಕೆ ಎಲ್ಲರೂ ಬೀಚಿ ಆಗಬೇಕಿಲ್ಲ.

ನಮ್ಮ ಕಸುಬಿನ ತಮಾಷೆಗಳು

ಎಂಜಿನಿಯರುಗಳು ನೀರಸ ಜನ ಅನ್ನೋರಿಗೆ ಮೂರು ಉದಾಹರಣೆ ಕೊಡಿ.

1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಕಂಪ್ಯೂಟರಿನ ರಿಲೇ ಒಂದರಲ್ಲಿ ಪತಂಗ ಸಿಕ್ಕಿಕೊಂಡಿತ್ತು. ಅಲ್ಲಿದ್ದವರು ಅದನ್ನು ತೆಗೆದು ಲಾಗ್‌ಬುಕ್ಕಿಗೆ ಟೇಪ್ ಹಾಕಿ ಅಂಟಿಸಿದರು. "ನಿಜವಾದ ಬಗ್ ಸಿಕ್ಕಿದ್ದು ಇದೇ ಮೊದಲು" ಅನ್ನೋ ಅರ್ಥದ ಸಾಲನ್ನೂ ಪಕ್ಕದಲ್ಲಿ ಬರೆದರು. ಬಗ್ ಅನ್ನೋ ಪದ ಹುಟ್ಟಿದ್ದೇ ಅವತ್ತು ಅಂತ ಬಹಳ ಜನ ಹೇಳ್ತಾರೆ. ಅದು ತಪ್ಪು. ಎಡಿಸನ್ ಕಾಲದಿಂದಲೂ ಎಂಜಿನಿಯರುಗಳು ಯಂತ್ರದ ದೋಷಕ್ಕೆ ಬಗ್ ಅಂತಲೇ ಕರೀತಿದ್ದರು. ಆ ಬಳಕೆ ಮೊದಲೇ ಇದ್ದದ್ದರಿಂದಲೇ "ನಿಜವಾದ" ಅನ್ನೋ ಪದ ತಮಾಷೆ ಆಯ್ತು. ಆ ಲಾಗ್‌ಬುಕ್ ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಎರಡನೆಯದು ಆರ್‌ಎಫ್‌ಸಿ 1149. ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ಗಂಭೀರ ದಾಖಲೆಗಳ ಸಾಲಿನಲ್ಲೇ 1990ರ ಏಪ್ರಿಲ್ 1ರಂದು ಇದು ಬಂತು. ವಿಷಯ: ಪಾರಿವಾಳದ ಕಾಲಿಗೆ ಕಟ್ಟಿ ಡೇಟಾ ಪ್ಯಾಕೆಟ್ ಕಳಿಸೋದು ಹೇಗೆ. ತಮಾಷೆ ಇಲ್ಲಿಗೇ ನಿಲ್ಲಲಿಲ್ಲ. 2001ರಲ್ಲಿ ನಾರ್ವೆಯ ಬರ್ಗೆನ್ ಊರಿನ ಲಿನಕ್ಸ್ ಬಳಗದವರು ನಿಜವಾದ ಪಾರಿವಾಳ ಹಿಡಿದು ಮಾಡಿಯೇ ನೋಡಿದರು. 9 ಪ್ಯಾಕೆಟ್ ಕಳಿಸಿದರೆ 4ಕ್ಕೆ ಉತ್ತರ ಬಂತು. ಅಂದ್ರೆ ಪ್ಯಾಕೆಟ್ ಲಾಸ್ 55 ಶೇಕಡಾ. ನಮ್ಮ ಹಾಸ್ಟೆಲ್ ವೈಫೈಗಿಂತ ಪರವಾಗಿಲ್ಲ ಅನ್ನಬೇಡಿ, ವಾರ್ಡನ್ ಓದ್ತಾರೆ.

ಮೂರನೆಯದು 1998ರ ಏಪ್ರಿಲ್ 1ರ ಕಾಫಿ ಪಾತ್ರೆಯ ಪ್ರೋಟೊಕಾಲ್. ಟೀ ಪಾತ್ರೆಗೆ ಕಾಫಿ ಮಾಡು ಅಂದ್ರೆ ಅದು 418 ಅನ್ನೋ ಎರರ್ ಕೋಡ್ ಕೊಡಬೇಕು: ನಾನು ಟೀ ಪಾತ್ರೆ! ಜನ ಇದನ್ನು ಎಷ್ಟು ಹಚ್ಚಿಕೊಂಡರು ಅಂದ್ರೆ, 2022ರಲ್ಲಿ ಬಂದ ಎಚ್‌ಟಿಟಿಪಿಯ ಅಧಿಕೃತ ದಾಖಲೆಯಲ್ಲಿ 418ನ್ನು ಬೇರೆ ಕೆಲಸಕ್ಕೆ ಕೊಡದೆ ಕಾದಿರಿಸಿದ್ದಾರೆ.

ಈ ಮೂರರಲ್ಲೂ ಎರಡು ಸಂಗತಿ ಸಮಾನ. ಹಾಸ್ಯ ಮಾಡಿದವರಿಗೆ ವಿಷಯ ಚೆನ್ನಾಗಿ ಗೊತ್ತಿತ್ತು. ಆರ್‌ಎಫ್‌ಸಿ ಹೇಗಿರುತ್ತೆ ಅಂತ ಗೊತ್ತಿಲ್ಲದವನು ಅದನ್ನು ಅಣಕಿಸೋಕೆ ಆಗಲ್ಲ. ಇನ್ನೊಂದು, ನಕ್ಕದ್ದು ಕೆಲಸದ ಮೇಲೆ, ಕೆಲಸ ಮಾಡುವವನ ಮೇಲೆ ಅಲ್ಲ.

ವ್ಯಾಪಾರದಲ್ಲಿ ನಗು: ಅಮುಲ್ ಹುಡುಗಿ

ಬಿಸಿನೆಸ್ಸಿನಲ್ಲಿ ಹಾಸ್ಯಕ್ಕೆ ಬೆಲೆ ಇದೆಯಾ ಅಂತ ಕೇಳಿದ್ರೆ ರಸ್ತೆ ಬದಿಯ ಹೋರ್ಡಿಂಗ್ ನೋಡಿ. ಚುಕ್ಕಿ ಚುಕ್ಕಿ ಫ್ರಾಕಿನ ಅಮುಲ್ ಹುಡುಗಿ ಹುಟ್ಟಿದ್ದು 1966ರಲ್ಲಿ, ಸಿಲ್ವೆಸ್ಟರ್ ಡಕುನ್ಹಾ ಅವರ ಜಾಹೀರಾತು ತಂಡದಲ್ಲಿ. ಚಿತ್ರ ಬರೆದವರು ಯೂಸ್ಟೇಸ್ ಫರ್ನಾಂಡಿಸ್. ಕ್ರಿಕೆಟ್ಟು, ಸಿನಿಮಾ, ರಾಜಕೀಯ, ಏನೇ ನಡೆದರೂ ಅದರ ಮೇಲೊಂದು ಶ್ಲೇಷೆ.

ಇದರ ಹಿಂದಿನ ಮ್ಯಾನೇಜ್‌ಮೆಂಟ್ ಪಾಠ ನಮಗೆ ಬೇಕಾದ್ದು. ಆಗ ಅಮುಲ್‌ನ ಚುಕ್ಕಾಣಿ ಹಿಡಿದಿದ್ದವರು ವರ್ಗೀಸ್ ಕುರಿಯನ್. ಮದರಾಸಿನ ಗಿಂಡಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದ ಎಂಜಿನಿಯರ್. ಹೈನುಗಾರಿಕೆಯ ತರಬೇತಿಗೆ ನಮ್ಮ ಬೆಂಗಳೂರಿನಲ್ಲೂ ಕೆಲವು ತಿಂಗಳು ಇದ್ದವರು. ಪ್ರತಿ ಜಾಹೀರಾತನ್ನೂ ತಮಗೆ ತೋರಿಸಿ ಒಪ್ಪಿಗೆ ಪಡೀಬೇಕಿಲ್ಲ ಅಂತ ಅವರು ತಂಡಕ್ಕೆ ಸ್ವಾತಂತ್ರ್ಯ ಕೊಟ್ಟರು. ಕಾರಣ ಸರಳ: ಇವತ್ತಿನ ಸುದ್ದಿಯ ಮೇಲಿನ ತಮಾಷೆ ಮೂರು ಮೇಜು ಸುತ್ತಿ ಸಹಿ ಹಾಕಿಸಿಕೊಂಡು ಬರೋ ಹೊತ್ತಿಗೆ ಹಳಸಿಹೋಗುತ್ತೆ. ಮೇಲಿನವರು ನಂಬಿದ್ದರಿಂದ ಕೆಳಗಿನವರು ಧೈರ್ಯವಾಗಿ ತಮಾಷೆ ಮಾಡಿದರು. ಬಾಸ್ ಏನಂತಾರೋ ಅಂತ ಹೆದರಿಕೊಂಡು ಬರೆದ ಜೋಕಿಗೆ ಯಾರೂ ನಗಲ್ಲ.

ಈಗ ಆ ಇಂಟರ್ನ್‌ಶಿಪ್ ಕಥೆ

ನಮ್ಮ ತಂಡದಲ್ಲಿ ಇಬ್ಬರು ಇಂಟರ್ನ್ ಇದ್ದೆವು. ಇನ್ನೊಬ್ಬ ಹುಡುಗ ಬಯಲುಸೀಮೆ ಕಡೆಯವನು, ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು, ನನಗಿಂತ ಬುದ್ಧಿವಂತ. ಮೊದಲ ವಾರದ ಬೆಳಗಿನ ಮೀಟಿಂಗಿನಲ್ಲಿ ಅವನು 'ಕ್ಯಾಶ್' ಅನ್ನೋ ಬದಲು 'ಕ್ಯಾಚೆ' ಅಂದ. ಪುಸ್ತಕದಲ್ಲಿ ಓದಿ ಕಲಿತವನು, ಸ್ಪೆಲಿಂಗ್ ಇದ್ದ ಹಾಗೆ ಹೇಳಿದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಅದು ಅಲ್ಲಿಗೆ ಮುಗೀಲಿಲ್ಲ. ಅವನ ಹೆಸರೇ 'ಕ್ಯಾಚೆ' ಆಯ್ತು. ಅವನೂ ನಗ್ತಿದ್ದ, ಅದಕ್ಕೇ ಅವನಿಗೆ ಬೇಜಾರಿಲ್ಲ ಅಂದುಕೊಂಡೆವು. ಮೀಟಿಂಗಿನಲ್ಲಿ ಅವನ ಮಾತು ಕಮ್ಮಿ ಆಗ್ತಾ ಬಂದದ್ದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ನಾಲ್ಕನೇ ವಾರ ಒಂದು ಟೆಸ್ಟ್ ರನ್ ಮಾಡಿದೆವು. ಕಾನ್ಫಿಗ್ ಫೈಲಿನಲ್ಲಿ ಟೆಸ್ಟ್ ಡೇಟಾಬೇಸ್ ಬದಲು ಅಸಲಿ ಡೇಟಾಬೇಸಿನ ವಿಳಾಸ ಇತ್ತು. "ಪರೀಕ್ಷೆ, ಪರೀಕ್ಷೆ" ಅನ್ನೋ ಮೇಲ್‌ಗಳು ನಿಜವಾದ ಗ್ರಾಹಕರಿಗೆ ಹೋದವು. ಎರಡು ದಿನ ಕ್ಷಮಾಪಣೆ ಬರೆಯೋದೇ ಕೆಲಸ. ಆಮೇಲೆ ಗೊತ್ತಾದದ್ದು, ಆ ಹುಡುಗ ಅದನ್ನು ಹಿಂದಿನ ದಿನವೇ ನೋಡಿದ್ದ. ಯಾಕೋ ಹೇಳಲಿಲ್ಲ ಅಂತ ಕೇಳಿದೆ. "ನಂದೇ ತಪ್ಪಿರಬಹುದು ಅನಿಸ್ತು. ಹೇಳಿದ್ರ ಮತ್ತ ಕ್ಯಾಚೆ ಅಂತ ನಗ್ತಿದ್ರಿ, ಬಿಡು" ಅಂದ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನೋ ಗಾದೆ ಎಷ್ಟು ಸಲ ಕೇಳಿದ್ದೆನೋ. ಬೆಕ್ಕು ನಾನೇ ಅಂತ ಅವತ್ತು ಗೊತ್ತಾಯ್ತು.

ರಿವ್ಯೂ ಮೀಟಿಂಗಿಗೆ ಎಲ್ಲರೂ ಮುಖ ಇಳಿಸಿಕೊಂಡು ಹೋದೆವು. ಟೀಮ್ ಲೀಡ್ ಬೈಯಲಿಲ್ಲ. ತಮ್ಮ ಕಥೆ ಶುರು ಮಾಡಿದರು: "ಕೆಲಸಕ್ಕೆ ಸೇರಿದ ಮೊದಲ ತಿಂಗಳು ಮೊಬೈಲ್ ಚಾರ್ಜ್ ಮಾಡೋಕೆ ಅಂತ ಸರ್ವರ್ ರೂಮಲ್ಲಿ ಒಂದು ಪ್ಲಗ್ ಕಿತ್ತಿದ್ದೆ. ಅದು ಯಾವುದರ ಪ್ಲಗ್ ಅಂತ ನನಗೆ ಗೊತ್ತಿರಲಿಲ್ಲ. ಐದು ನಿಮಿಷದಲ್ಲಿ ಇಡೀ ಕಂಪನಿಗೆ ಗೊತ್ತಾಯ್ತು." ಎಲ್ಲರೂ ನಕ್ಕೆವು. ಆಮೇಲೆ ಒಬ್ಬೊಬ್ಬರೇ ತಾವೆಲ್ಲಿ ಎಡವಿದೆವು ಅಂತ ಬಾಯಿಬಿಟ್ಟರು. ನಾನೂ ಎಲ್ಲರ ಎದುರೇ ಅವನ ಕ್ಷಮೆ ಕೇಳಿದೆ.

ಒಂದೇ ನಗು, ಎರಡು ಫಲ

ಮೊದಲ ನಗು ಒಬ್ಬನ ಬಾಯಿ ಮುಚ್ಚಿಸಿತು, ಎರಡನೆಯದು ಎಲ್ಲರ ಬಾಯಿ ಬಿಡಿಸಿತು. ಯಾಕೆ ಹೀಗೆ? ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯವನ್ನು ನಾಲ್ಕು ಶೈಲಿಯಾಗಿ ವಿಂಗಡಿಸಿದರು:

1. ಬೆಸೆಯುವ ಹಾಸ್ಯ: ಎಲ್ಲರೂ ಸೇರಿ ನಗುವಂಥದ್ದು.
2. ತನ್ನನ್ನು ತಾನು ಸಾವರಿಸಿಕೊಳ್ಳುವ ಹಾಸ್ಯ: ಕಷ್ಟದಲ್ಲೂ ತಮಾಷೆ ಕಾಣೋದು.
3. ಚುಚ್ಚುವ ಹಾಸ್ಯ: ಇನ್ನೊಬ್ಬರನ್ನು ಕೆಳಗಿಳಿಸಿ ನಗೋದು.
4. ತನ್ನನ್ನೇ ಹಳಿದುಕೊಳ್ಳುವ ಹಾಸ್ಯ: ಬೇರೆಯವರ ಮೆಚ್ಚುಗೆಗಾಗಿ ತನ್ನ ಮರ್ಯಾದೆ ತಾನೇ ಕಳೆದುಕೊಳ್ಳೋದು.

ನಾವು ಮಾಡಿದ್ದು ಮೂರನೆಯದು. ಆ ಹುಡುಗ ನಮ್ಮ ಜೊತೆ ಸೇರಿ ನಕ್ಕದ್ದು ನಾಲ್ಕನೆಯದು. ಲೀಡ್ ಕೂಡ ತಮ್ಮ ಮೇಲೇ ಜೋಕು ಮಾಡಿಕೊಂಡರಲ್ಲ ಅಂತೀರಾ? ಅವರ ಕುರ್ಚಿ ಗಟ್ಟಿ ಇತ್ತು. ಆ ಜೋಕಿನಿಂದ ಅವರು ಕಳೆದುಕೊಂಡದ್ದು ಏನೂ ಇಲ್ಲ; ತಪ್ಪು ಒಪ್ಪಿಕೊಂಡರೆ ಇಲ್ಲಿ ಯಾರೂ ತಲೆ ತೆಗೆಯಲ್ಲ ಅನ್ನೋ ಭರವಸೆ ನಮಗೆ ಸಿಕ್ಕಿತು.

ಈ ಭರವಸೆಯ ಬೆಲೆ ದೊಡ್ಡದು. ಹಾರ್ವರ್ಡಿನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಮ್ಮಿ ಇರುತ್ತೆ ಅಂತ ಅವರ ನಿರೀಕ್ಷೆ. ಲೆಕ್ಕ ಉಲ್ಟಾ ಬಂತು: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದವು. ಆ ತಂಡಗಳಲ್ಲಿ ತಪ್ಪನ್ನು ಬಚ್ಚಿಡದೆ ಮಾತಾಡುವ ವಾತಾವರಣ ಇದ್ದದ್ದೇ ಅದಕ್ಕೆ ಕಾರಣ ಅಂತ ಅವರು ಕಂಡುಕೊಂಡರು. ತಪ್ಪು ಬೇಗ ಹೊರಗೆ ಬಂದರೆ ಬೇಗ ಸರಿಮಾಡಬಹುದು.

ಕೆಲಸಕ್ಕೆ ಹೋಗುವ ಮುಂಚೆ ನೆನಪಿಡಿ

- ಹೊಸ ಜಾಗದಲ್ಲಿ ಮೊದಲ ಕೆಲವು ದಿನ ಕಿವಿ ತೆರೆದಿಡಿ. ಅಲ್ಲಿ ಏನನ್ನು ನೋಡಿ ನಗ್ತಾರೆ ಅಂತ ತಿಳಿದಮೇಲೆ ಬಾಯಿ ತೆರೆಯಿರಿ.
- ಪ್ರಿಂಟರ್, ಡೆಡ್‌ಲೈನ್, ಮುರಿದ ಬಿಲ್ಡ್, ಕ್ಯಾಂಟೀನಿನ ಸಾಂಬಾರು ಇವೆಲ್ಲ ಜೋಕಿಗೆ ಧಾರಾಳ. ಒಬ್ಬರ ಉಚ್ಚಾರ, ಊರು, ಜಾತಿ, ಬಣ್ಣ, ಮೈಕಟ್ಟು ಇವು ಬೇಡ.
- ನಿಮಗಿಂತ ಜೂನಿಯರ್ ಮೇಲೆ ಜೋಕು ಮಾಡಬೇಡಿ. ಅವರಿಗೆ ತಿರುಗಿ ಹೇಳೋ ಸ್ವಾತಂತ್ರ್ಯ ಇರಲ್ಲ.
- ಚಾಟ್‌ನಲ್ಲಿ ದನಿ ಕೇಳಿಸಲ್ಲ, ಮುಖ ಕಾಣಿಸಲ್ಲ. ಎದುರಿಗೆ ಹೇಳಿದರೆ ನಗು ಬರೋ ಮಾತು ಬರಹದಲ್ಲಿ ಬೈಗುಳ ಆಗಬಹುದು.
- ಸಿಸ್ಟಮ್ ಕೆಟ್ಟು ನಿಂತಾಗ ಮೊದಲು ರಿಪೇರಿ, ಆಮೇಲೆ ತಮಾಷೆ. ನೀವು ಬರೆಯುವ ಎರರ್ ಮೆಸೇಜಿಗೂ ಇದೇ ನಿಯಮ: ಬಳಕೆದಾರನ ದುಡ್ಡೋ ಫೈಲೋ ಹೋಗಿರುವಾಗ ಅವನಿಗೆ ಜೋಕು ತೋರಿಸಬೇಡಿ.
- ನೋವಾಯ್ತು ಅಂತ ಯಾರಾದರೂ ಹೇಳಿದರೆ "ತಮಾಷೆಗೆ ಅಂದೆ, ಸೀರಿಯಸ್ಸಾಗಿ ತಗೋಬೇಡ" ಅನ್ನಬೇಡಿ. "ತಪ್ಪಾಯ್ತು" ಅಂದರೆ ಸಾಕು.

ಇಷ್ಟೆಲ್ಲ ನೆನಪಿರಲ್ಲ ಅಂದ್ರೆ ಒಂದು ಮಾಡಿ. ಮುಂದಿನ ಸಲ ಲ್ಯಾಬಿನಲ್ಲೋ ವೈವಾ ಆದಮೇಲೋ ಎಲ್ಲರೂ ಒಬ್ಬನ ಬಗ್ಗೆ ನಗ್ತಿರುವಾಗ ಅವನ ಮುಖ ನೋಡಿ. ಬಾಯಿ ನಗ್ತಿದೆಯಾ ಅಂತ ನೋಡೋದು ಸಾಲದು. ಮಾರನೇ ದಿನ ಅವನು ಮೊದಲಿನ ಹಾಗೇ ಪ್ರಶ್ನೆ ಕೇಳ್ತಿದ್ದಾನಾ ಅಂತಲೂ ನೋಡಿ.

ನಿಮ್ಮ ಲ್ಯಾಬಿನಲ್ಲಿ ನಡೆದ ನಗೆ ಪ್ರಸಂಗ ಇದ್ದರೆ ನಮ್ಮ ಬಳಗಕ್ಕೆ ಬರೆದು ಕಳಿಸಿ, ಮುಂದಿನ ಸಂಚಿಕೆಗೆ ಸೇರಿಸೋಣ. ಸುಟ್ಟ ಬೋರ್ಡಿನ ಹೆಸರು ಬರೆಯಿರಿ, ಸುಟ್ಟವರ ಹೆಸರು ಬೇಡ.