ಆಮ್ಲಜನಕ ವಿಶ್ಲೇಷಕ ತಪ್ಪು ಅಂಕಿ ತೋರಿಸಿದಾಗ

ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇ. 21 ಎಂದು ಪ್ರೌಢಶಾಲೆಯ ಮಕ್ಕಳೆಲ್ಲ ಬಾಯಿಪಾಠವಾಗಿ ಹೇಳುತ್ತಾರೆ. ಇನ್ನಷ್ಟು ನಿಖರವಾಗಿ ಹೇಳುವುದಾದರೆ ಒಣಗಾಳಿಯಲ್ಲಿ ಅದು ಶೇ. 20.9. ಪರೀಕ್ಷೆಯಲ್ಲಿ ಒಂದು ಅಂಕ ತಂದುಕೊಡುವ ಈ ಸಂಖ್ಯೆಗೆ ಬೇರೊಂದು ಉಪಯೋಗವೂ ಇದೆ. ಆಮ್ಲಜನಕವನ್ನು ಅಳೆಯುವ ಯಂತ್ರವು ಸರಿಯಾಗಿದೆಯೇ ಎಂದು ನೋಡಲು ಎಲ್ಲರಿಗೂ ಪುಕ್ಕಟೆಯಾಗಿ ದೊರೆಯುವ ಅಳತೆಗೋಲು ಅದೇ. ದಹನ ಹಾಗೂ ಗಾಳಿಯ ಸಂಯೋಜನೆಯ ಪಾಠಗಳಿಗೆ ಪೂರಕವಾಗಿ ಒಂಬತ್ತು ಮತ್ತು ಹತ್ತನೆಯ ತರಗತಿಗಳಲ್ಲಿ ಬಳಸಬಹುದಾದ ಸಾಮಗ್ರಿಯನ್ನು ಇಲ್ಲಿ ಕೊಡಲಾಗಿದೆ. ಒಂದು ಅವಧಿ ಸಾಲದು. ಎರಡನ್ನು ಮೀಸಲಿಡುವುದು ಲೇಸು.

ಸೋಲಾಪುರ, ಅಕ್ಕಲಕೋಟೆ ಭಾಗದ ಶಿಕ್ಷಕರಿಗೆ ಉದಾಹರಣೆ ದೂರವಿಲ್ಲ. ಸಕ್ಕರೆ ಕಾರ್ಖಾನೆಗಳಲ್ಲಿ ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಬಾಯ್ಲರಿಗೆ ಉರುವಲಾಗಿ ಹಾಕುತ್ತಾರೆ. ಸಿಪ್ಪೆ ಪೂರ್ಣವಾಗಿ ಉರಿಯಬೇಕಾದರೆ ರಾಸಾಯನಿಕ ಸಮೀಕರಣದ ಲೆಕ್ಕಕ್ಕಿಂತ ತುಸು ಹೆಚ್ಚು ಗಾಳಿ ಬೇಕು. ಗಾಳಿ ಅತಿಯಾದರೆ ಅದು ತಾನೂ ಕಾದು, ಉಷ್ಣವನ್ನು ಚಿಮಣಿಯ ಮೂಲಕ ಹೊರಗೆ ಹೊತ್ತೊಯ್ಯುತ್ತದೆ. ಕಡಿಮೆಯಾದರೆ ಸಿಪ್ಪೆ ಅರೆಬರೆ ಉರಿದು ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿದರೆ ಪ್ರಾಣ ತೆಗೆಯಬಲ್ಲದು, ಕುಲುಮೆಯಲ್ಲಿ ಶೇಖರಗೊಂಡರೆ ಸಿಡಿಯಬಲ್ಲದು. ಆದ್ದರಿಂದ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂಬುದನ್ನು ಅಳೆದು, ಅದರಂತೆ ಗಾಳಿಯನ್ನು ಹೆಚ್ಚು ಕಡಿಮೆ ಮಾಡುತ್ತಾರೆ. ಆ ಅಂಕಿಯನ್ನು ನಂಬಿ ಕೆಲಸ ಮಾಡುವವರು ನಮ್ಮ ಮಕ್ಕಳ ತಂದೆಯೋ ಅಣ್ಣನೋ ಆಗಿರಬಹುದು.

ಬಾಯ್ಲರ್ ಹೊಗೆಗೆ ಸಾಮಾನ್ಯವಾಗಿ ಬಳಸುವ ವಿಶ್ಲೇಷಕದಲ್ಲಿ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿನ ಕೋಶವಿರುತ್ತದೆ. ಸುಮಾರು 700 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಅದರ ಮೂಲಕ ಆಮ್ಲಜನಕದ ಅಯಾನುಗಳು ಚಲಿಸಬಲ್ಲವು. ಕೋಶದ ಒಂದು ಬದಿಗೆ ಶುದ್ಧ ಗಾಳಿ, ಇನ್ನೊಂದು ಬದಿಗೆ ಹೊಗೆ. ಎರಡೂ ಬದಿಗೆ ಗಾಳಿಯೇ ಇದ್ದರೆ ವೋಲ್ಟೇಜು ಸೊನ್ನೆ. ಹೊಗೆಯಲ್ಲಿ ಶೇ. 2 ಆಮ್ಲಜನಕವಿದ್ದರೆ ಸುಮಾರು 49 ಮಿಲಿವೋಲ್ಟ್. ಆಮ್ಲಜನಕ ಇಳಿದಂತೆ ವೋಲ್ಟೇಜು ಏರುತ್ತದೆ ಎಂಬ ಈ ವಿಲೋಮ ಸಂಬಂಧವನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದರೆ ಸಾಕು; ನರ್ನ್‌ಸ್ಟ್ ಸಮೀಕರಣ ಶಿಕ್ಷಕರ ತಿಳಿವಳಿಕೆಗಿರಲಿ.

ಅಂಕಿ ತಪ್ಪೆಂಬ ಅನುಮಾನ ಬಂದೊಡನೆ ಕೋಶ ಕೆಟ್ಟಿದೆ, ಹೊಸದು ತರಿಸಿ ಎನ್ನುವವರು ಬಹಳ. ಆದರೆ ದೋಷವಿರುವುದು ಹೆಚ್ಚಾಗಿ ಅನಿಲ ಬರುವ ದಾರಿಯಲ್ಲಿ. ಹೊಗೆಯನ್ನು ಕೊಳವೆಯ ಮೂಲಕ ಹೀರಿ ಪೆಟ್ಟಿಗೆಯೊಳಗಿನ ಕೋಶಕ್ಕೆ ತರುವ ವ್ಯವಸ್ಥೆಯಲ್ಲಿ ಒಂದು ಸಡಿಲ ಕೀಲು ಸಾಕು, ಹೊರಗಿನ ಗಾಳಿ ಒಳನುಗ್ಗುತ್ತದೆ. ಮಕ್ಕಳಿಂದಲೇ ಲೆಕ್ಕ ಮಾಡಿಸಿ: ನಿಜವಾದ ಪ್ರಮಾಣ ಶೇ. 2, ಒಂಬತ್ತು ಪಾಲು ಹೊಗೆಗೆ ಒಂದು ಪಾಲು ಗಾಳಿ ಬೆರೆತರೆ ಯಂತ್ರ ಎಷ್ಟು ತೋರಿಸೀತು? ಉತ್ತರ ಶೇ. 3.9. ಗಾಳಿ ಹೆಚ್ಚಾಯಿತೆಂದು ಭಾವಿಸಿದ ಕೆಲಸಗಾರ ಅದನ್ನು ತಗ್ಗಿಸುತ್ತಾನೆ. ಮೊದಲೇ ಕಡಿಮೆಯಿದ್ದ ಆಮ್ಲಜನಕ ಇನ್ನೂ ಕುಗ್ಗುತ್ತದೆ. ಪರದೆಯ ಮೇಲಿನ ಅಂಕಿ ಮಾತ್ರ ನೆಮ್ಮದಿ ಕೊಡುತ್ತಿರುತ್ತದೆ!

ಸೋರಿಕೆಯನ್ನು ಪತ್ತೆಹಚ್ಚುವ ಕ್ರಮ ಸರಳ. ಸಾರಜನಕದಲ್ಲಿ ಶೇ. 2 ಆಮ್ಲಜನಕ ಬೆರೆಸಿ ಪ್ರಮಾಣೀಕರಿಸಿದ ಸಿಲಿಂಡರಿನ ಅನಿಲವನ್ನು ಮೊದಲು ಪೆಟ್ಟಿಗೆಯ ಬಾಯಿಗೆ ಕೊಡುವುದು. ಅಂಕಿ 2.0 ಬಂದರೆ ಕೋಶ ನಿರ್ದೋಷಿ. ಬಳಿಕ ಅದೇ ಅನಿಲವನ್ನು ಕೊಳವೆಯ ಚಿಮಣಿ ತುದಿಯಿಂದ ಕೊಡುವುದು. ಈಗ 3.9 ಬಂದರೆ ತಪ್ಪು ಆ ಎರಡು ತುದಿಗಳ ನಡುವೆ ಇದೆ. ಒಮ್ಮೆಗೆ ಒಂದನ್ನೇ ಬದಲಿಸಿ ನೋಡುವ ಈ ವಿಧಾನವನ್ನು ಪ್ರಯೋಗಶಾಲೆಯಿಲ್ಲದ ಶಾಲೆಯಲ್ಲಿಯೂ ಕಲಿಸಬಹುದು: ಅಂಕಿಗಳನ್ನು ಬರೆದ ಚೀಟಿಗಳನ್ನು ಗುಂಪುಗಳಿಗೆ ಹಂಚಿ, ಸೋರಿಕೆ ಎಲ್ಲಿದೆ ಎಂದು ವಾದಿಸಲು ಬಿಡಿ. ಚರ್ಚೆ ಕನ್ನಡದಲ್ಲಿಯೇ ನಡೆಯಲಿ. ಕಾರ್ಖಾನೆಯಲ್ಲಿ ಕೇಳುವ ಆಕ್ಸಿಜನ್, ಕ್ಯಾಲಿಬ್ರೇಷನ್ ಎಂಬ ಪದಗಳನ್ನೂ ಆಮ್ಲಜನಕ, ಮಾಪನಾಂಕ ನಿರ್ಣಯ ಎಂಬವುಗಳ ಪಕ್ಕದಲ್ಲಿ ಬರೆಯಿಸಿ.

ಬಾಯ್ಲರಿನ ಗೋಡೆಯ ಬಿರುಕಿನಿಂದಲೂ ಗಾಳಿ ಒಳಸೇರಬಹುದು. ಆಗ ಯಂತ್ರ ಹೇಳುವುದು ಸುಳ್ಳಲ್ಲ, ತಾನಿರುವ ಸ್ಥಳದ ನಿಜ. ಕುಲುಮೆಯ ನಿಜ ಬೇರೆ. ಅಂಕಿ ಅಗತ್ಯಕ್ಕಿಂತ ಕಡಿಮೆ ಬರುವುದೂ ಉಂಟು. ಹೊಗೆಯಲ್ಲಿ ಮಾನಾಕ್ಸೈಡ್ ಇದ್ದರೆ ಕಾದ ಕೋಶದ ಮೇಲೆಯೇ ಉರಿದು ಅಲ್ಲಿನ ಆಮ್ಲಜನಕವನ್ನು ತಿನ್ನುತ್ತದೆ. ಎರಡು ಅಣು ಮಾನಾಕ್ಸೈಡಿಗೆ ಒಂದು ಅಣು ಆಮ್ಲಜನಕ ಎಂಬ ಸಮೀಕರಣ ಮಕ್ಕಳಿಗೆ ಗೊತ್ತಿರುವುದೇ.

ಊರಿಂದೂರಿಗೆ ಗಾಳಿಯೂ ಬೇರೆ. ಮಳೆಗಾಲದ ಕಾಸರಗೋಡಿನಲ್ಲಿ 30 ಡಿಗ್ರಿ ಉಷ್ಣತೆ, ಶೇ. 80 ಆರ್ದ್ರತೆ ಇದ್ದಾಗ ನೀರಾವಿ ಜಾಗ ಹಿಡಿಯುವುದರಿಂದ ಆಮ್ಲಜನಕ ಸುಮಾರು ಶೇ. 20.2ಕ್ಕೆ ಇಳಿದಿರುತ್ತದೆ. ಅದನ್ನು 20.9 ಎಂದು ನಿಗದಿಮಾಡಿದರೆ ತಪ್ಪು ಅಲ್ಲಿಂದಲೇ ಆರಂಭ. ನೀಲಗಿರಿಯ ಸಂಗತಿ ಇನ್ನೂ ಸ್ವಾರಸ್ಯಕರ. ಸುಮಾರು 2240 ಮೀಟರ್ ಎತ್ತರದ ಊಟಿಯಲ್ಲಿಯೂ ಒಣಗಾಳಿಯ ಆಮ್ಲಜನಕ ಶೇ. 20.9ರಷ್ಟೇ, ಕಡಿಮೆಯಿರುವುದು ವಾಯುವಿನ ಒತ್ತಡ. ಆಂಶಿಕ ಒತ್ತಡಕ್ಕೆ ಸ್ಪಂದಿಸುವ ಮಾಪಕವನ್ನು ಕಡಲ ಮಟ್ಟದಲ್ಲಿ ಸರಿಹೊಂದಿಸಿ, ಒತ್ತಡದ ತಿದ್ದುಪಡಿಯಿಲ್ಲದೆ ಅಲ್ಲಿಗೆ ಒಯ್ದರೆ ಅದು ಸುಮಾರು ಶೇ. 16 ಎಂದು ತೋರಿಸುತ್ತದೆ. ಶೇಕಡಾ ಪ್ರಮಾಣಕ್ಕೂ ಆಂಶಿಕ ಒತ್ತಡಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಉದಾಹರಣೆ ಪಠ್ಯಪುಸ್ತಕದಲ್ಲಿ ಸಿಗುವುದು ಕಷ್ಟ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು. ಒಂದೇ ಚಿಮಣಿಗೆ ಎರಡು ವಿಶ್ಲೇಷಕಗಳಿವೆ. ಒಂದು ಹಸಿ ಹೊಗೆಯನ್ನು ಅಳೆದು ಶೇ. 4 ಎನ್ನುತ್ತದೆ, ಮತ್ತೊಂದು ಹೊಗೆಯನ್ನು ತಣಿಸಿ, ನೀರನ್ನು ಬೇರ್ಪಡಿಸಿ ಅಳೆದು ಶೇ. 5 ಎನ್ನುತ್ತದೆ. ಹೊಗೆಯಲ್ಲಿ ನೀರಾವಿ ಶೇ. 20. ಕೆಟ್ಟಿರುವುದು ಯಾವುದು? ನೂರು ಪಾಲಿನಲ್ಲಿ ನೀರಾವಿ ಕಳೆದು ಉಳಿದದ್ದು ಎಂಬತ್ತು, ಅದರಲ್ಲಿ ಆಮ್ಲಜನಕ ನಾಲ್ಕು ಎಂದು ಲೆಕ್ಕ ಹಾಕಿ, ಎರಡೂ ಸರಿ ಎಂದು ಕಾರಣಸಹಿತ ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡಿ.