ಇಂಗ್ಲಿಷ್ ವಾಕ್ಯದಲ್ಲಿ ಅಡಗಿ ಕೂತ ಕನ್ನಡ

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಒಂದು ಇಂಗ್ಲಿಷ್ ವಾಕ್ಯವನ್ನು ಮೂರು-ನಾಲ್ಕು ತುಂಡು ಮಾಡಿ, ತಪ್ಪು ಯಾವ ಭಾಗದಲ್ಲಿದೆ ಎಂದು ಕೇಳುತ್ತಾರೆ. ಓದಿದರೆ ಎಲ್ಲವೂ ಸರಿ ಎನಿಸುತ್ತದೆ. ಎಷ್ಟೋ ತಪ್ಪುಗಳು ಕನ್ನಡದ ಜಾಡಿನಲ್ಲೇ ಇರುವುದರಿಂದ ನಮ್ಮ ಕಿವಿಗೆ ಅವು ಚುಚ್ಚುವುದಿಲ್ಲ. ನಿಯಮಗಳನ್ನು ಉರು ಹೊಡೆಯುವ ಮೊದಲು ಈ ಜಾಡು ಹಿಡಿಯುವುದನ್ನು ಕಲಿಯಬೇಕು.

ಮೊದಲು ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಆಮೇಲೆ ‘ಯಾರು, ಯಾವುದು’ ಎಂದು ಕೇಳಿ ಕರ್ತೃವನ್ನು ಹುಡುಕಿ. ‘ದ ಕ್ವಾಲಿಟಿ ಆಫ್ ದ ಮ್ಯಾಂಗೋಸ್ ಆರ್ ಗುಡ್’ ಎಂಬಲ್ಲಿ ಚೆನ್ನಾಗಿರುವುದು ಕ್ವಾಲಿಟಿ. ಅದು ಏಕವಚನ, ‘ಈಸ್’ ಬರಬೇಕು. ‘ಒನ್ ಆಫ್ ಮೈ ಫ್ರೆಂಡ್’ ಎಂದು ಬರೆಯುವವರಿಗಂತೂ ಕನ್ನಡವೇ ಮದ್ದು. ನಾವು ‘ಗೆಳೆಯನಲ್ಲಿ ಒಬ್ಬ’ ಎನ್ನುವುದಿಲ್ಲ, ‘ಗೆಳೆಯರಲ್ಲಿ ಒಬ್ಬ’ ಎನ್ನುತ್ತೇವೆ. ಅಲ್ಲೂ ‘ಫ್ರೆಂಡ್ಸ್’ ಆಗಬೇಕು.

ನಂತರ ಕಾಲ ನೋಡಿ. ನಾವು ಹೆಚ್ಚು ಎಡವುವುದು ಇಲ್ಲೇ. ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬುದು ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬುದರ ಪಡಿಯಚ್ಚು. ಕನ್ನಡದಲ್ಲಿ ‘ಸೋಮವಾರದಿಂದ’, ‘ಐದು ವರ್ಷದಿಂದ’ ಎರಡಕ್ಕೂ ಒಂದೇ ‘ಇಂದ’ ಸಾಕು. ಇಂಗ್ಲಿಷಿಗೆ ಎರಡು ಬೇಕು. ‘ಯಾವತ್ತಿನಿಂದ?’ ಎಂಬುದಕ್ಕೆ ಉತ್ತರವಾದರೆ ‘ಸಿನ್ಸ್’, ‘ಎಷ್ಟು ಕಾಲದಿಂದ?’ ಎಂಬುದಕ್ಕಾದರೆ ‘ಫಾರ್’. ಅಂದು ಶುರುವಾದ ಕೆಲಸ ಇಂದೂ ನಡೆದಿರುವುದರಿಂದ ಕ್ರಿಯಾಪದವೂ ಬದಲಾಗಿ, ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಆಗುತ್ತದೆ. ಒಂದೇ ವಾಕ್ಯದಲ್ಲಿ ಎರಡು ತಪ್ಪು. ಒಂದನ್ನು ತಿದ್ದಿ ಇನ್ನೊಂದನ್ನು ಬಿಡುವವರೇ ಹೆಚ್ಚು.

‘ಡಿಡ್ ನಾಟ್ ವೆಂಟ್’ ಕಂಡರೆ ‘ಹೋಗಲಿಲ್ಲ’ ಎಂಬುದನ್ನು ನೆನೆಯಿರಿ. ‘ಹೋದ’ ಎಂಬುದಕ್ಕೆ ‘ಇಲ್ಲ’ ಸೇರಿಸುವಾಗ ‘ಹೋದಲಿಲ್ಲ’ ಎನ್ನುತ್ತೇವೆಯೇ? ಭೂತಕಾಲದ ಭಾರವನ್ನು ‘ಡಿಡ್’ ಹೊತ್ತ ಮೇಲೆ ‘ಗೋ’ ಸಾಕು.

ಇನ್ನು ವಾಕ್ಯದಲ್ಲಿ ಹೆಚ್ಚುವರಿ ಪದ ಇದೆಯೇ ನೋಡಿ. ‘ಬಗ್ಗೆ ಚರ್ಚಿಸು’ ಎಂಬ ರೂಢಿಯಿಂದ ‘ಡಿಸ್ಕಸ್ ಅಬೌಟ್’ ಬಂದುಬಿಡುತ್ತದೆ, ‘ಅಬೌಟ್’ ತೆಗೆಯಿರಿ. ‘ಆಲ್ದೋ’ ಎಂದು ಶುರುವಾದ ವಾಕ್ಯದ ನಡುವೆ ‘ಬಟ್’ ಇದ್ದರೆ ಅದನ್ನೂ ಹೊಡೆದುಹಾಕಿ.

ಕೊನೆಗೆ ‘ಎ’ ಮತ್ತು ‘ಆ್ಯನ್’. ಇವು ಕನ್ನಡದಲ್ಲಿ ಇಲ್ಲವಾದರೂ ನಮ್ಮ ಲಿಪಿ ಇಲ್ಲಿ ಕೈಹಿಡಿಯುತ್ತದೆ. ಮುಂದಿನ ಪದವನ್ನು ಕನ್ನಡದಲ್ಲಿ ಬರೆದು ನೋಡಿ. ‘ಯೂನಿವರ್ಸಿಟಿ’ ಶುರುವಾಗುವುದು ಯಕಾರದಿಂದ, ವ್ಯಂಜನ, ಹಾಗಾಗಿ ‘ಎ’. ಗಂಟೆ ಎಂಬರ್ಥದ ‘ಅವರ್’ ಸ್ವರದಿಂದ ಶುರು, ಹಾಗಾಗಿ ‘ಆ್ಯನ್’. ‘ಎಂಎಲ್‌ಎ’ಗೂ ‘ಆ್ಯನ್’. ‘ಒನ್’ ಪದದ ಬಳಿ ಮಾತ್ರ ಎಚ್ಚರ: ನಾವು ಬರೆಯುವುದು ‘ಒ’ ಆದರೂ ಉಚ್ಚಾರ ‘ವನ್’, ಅದಕ್ಕೆ ‘ಎ ಒನ್-ರುಪೀ ಕಾಯಿನ್’ ಎಂದೇ ಆಗಬೇಕು.