ಟೊರೊಂಟೊಗೆ ಹೊರಟ ವಕೀಲೆಗೆ

ಕೆನಡಾದ ಪಿ.ಆರ್., ಅಂದರೆ ಕಾಯಂ ವಾಸದ ಅನುಮತಿ, ಬಂತೆಂದು ಫೋನ್ ಮಾಡಿದಾಗ ನಿನ್ನ ದನಿಯಲ್ಲಿ ಸಂತೋಷದಷ್ಟೇ ಸಿಟ್ಟೂ ಇತ್ತು. ಧಾರವಾಡದ ಹೈಕೋರ್ಟ್ ಪೀಠದಲ್ಲಿ ಇಷ್ಟು ವರ್ಷ ವಾದ ಮಾಡಿದವಳು ಮತ್ತೆ ಪರೀಕ್ಷೆಗೆ ಕೂರಬೇಕೇ ಎಂದು ಕೇಳಿದೆ. ಕೂರಬೇಕಮ್ಮ. ಅದರಲ್ಲಿ ಚೌಕಾಸಿ ನಡೆಯುವುದಿಲ್ಲ. ನ್ಯಾಷನಲ್ ಕಮಿಟಿ ಆನ್ ಅಕ್ರೆಡಿಟೇಷನ್, ಇಲ್ಲಿನವರ ಬಾಯಲ್ಲಿ ಎನ್‌ಸಿಎ, ನಿನ್ನ ಓದನ್ನು ತೂಗಿ ನೋಡಿ ಏನೇನು ಬರೆಯಬೇಕೆಂದು ಹೇಳುತ್ತದೆ. ಸಂವಿಧಾನ, ಆಡಳಿತ ಕಾನೂನು, ಕ್ರಿಮಿನಲ್ ಕಾನೂನು, ಕೆನಡಾ ಕಾನೂನಿನ ಬುನಾದಿ, ವೃತ್ತಿನೀತಿ, ಈ ಐದು ನಿನಗೆ ತಪ್ಪಿದ್ದಲ್ಲ; ಅದರ ಮೇಲೆ ಇನ್ನೂ ಒಂದೆರಡು ಬೀಳಬಹುದು. ಪುಸ್ತಕ ತೆರೆದಿಟ್ಟುಕೊಂಡೇ ಬರೆಯುವ ಪರೀಕ್ಷೆ. ನೀನು ಪಾಸಾಗುತ್ತೀಯ, ಅದರ ಚಿಂತೆ ನನಗಿಲ್ಲ.

ಚಿಂತೆ ಇರುವುದು ಆಮೇಲಿನದ್ದು. ಲಾ ಸೊಸೈಟಿ ಆಫ್ ಒಂಟಾರಿಯೊದ ಬ್ಯಾರಿಸ್ಟರ್, ಸಾಲಿಸಿಟರ್ ಪರೀಕ್ಷೆಗಳ ಜೊತೆಗೆ ಆರ್ಟಿಕ್ಲಿಂಗ್ ಅಂತ ಒಂದಿದೆ. ಯಾವುದಾದರೂ ಕಚೇರಿ ನಿನ್ನನ್ನು ತಿಂಗಳುಗಟ್ಟಲೆ ಕೈಕೆಳಗೆ ಇಟ್ಟುಕೊಂಡು ಕೆಲಸ ಕಲಿಸಬೇಕು. ಇಟ್ಟುಕೊಳ್ಳುವವರು ಯಾರು? ಇಲ್ಲೇ ಓದಿದ ಹುಡುಗರಿಗೂ ಜಾಗ ಸಾಲದೆ, 2014ರಲ್ಲಿ ಲಾ ಪ್ರಾಕ್ಟೀಸ್ ಪ್ರೋಗ್ರಾಂ ಎಂಬ ಇನ್ನೊಂದು ದಾರಿ ತೆರೆಯಬೇಕಾಯಿತು: ನಾಲ್ಕು ತಿಂಗಳು ತರಬೇತಿ, ನಾಲ್ಕು ತಿಂಗಳು ಕೆಲಸ. ಅದನ್ನೂ ಮನಸ್ಸಿನಲ್ಲಿಟ್ಟುಕೋ, ಅದೇನೂ ಕಡಿಮೆ ದರ್ಜೆಯದಲ್ಲ. ಆದರೆ ಎರಡರಲ್ಲಿ ಯಾವುದನ್ನು ಹಿಡಿದರೂ ಕೊನೆಗೆ ಒಬ್ಬರು ಇನ್ನೊಬ್ಬರಿಗೆ ‘ಈಕೆ ಆಗಬಹುದು’ ಅನ್ನಬೇಕು. ಹಾಗೆ ಅನ್ನುವ ಜನ ಸಿಗುವುದು ಸಂಘಗಳಲ್ಲಿ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಲಾ ಸೊಸೈಟಿ ಅಂದರೆ ನಮ್ಮ ಬಾರ್ ಕೌನ್ಸಿಲ್ ಇದ್ದ ಹಾಗೆ. ಲೈಸೆನ್ಸ್ ಕೊಡುವುದು, ಕಸಿಯುವುದು ಅದರ ಕೆಲಸ. ಅದು ಕಾಯುವುದು ಕಕ್ಷಿದಾರರನ್ನು, ನಿನ್ನನ್ನಲ್ಲ. ನಿನ್ನ ಪಾಲಿಗೆ ಇರುವುದು ವಕೀಲರ ಸಂಘಗಳು. ಒಂಟಾರಿಯೊ ಬಾರ್ ಅಸೋಸಿಯೇಷನ್ ಇದೆ, ದಕ್ಷಿಣ ಏಷ್ಯಾದವರಿಗಾಗಿ ಸೌತ್ ಏಷ್ಯನ್ ಬಾರ್ ಅಸೋಸಿಯೇಷನ್ ಇದೆ, ಹೊರದೇಶದಲ್ಲಿ ಓದಿ ಬಂದವರದ್ದೇ ಆದ ಗ್ಲೋಬಲ್ ಲಾಯರ್ಸ್ ಆಫ್ ಕೆನಡಾ ಇದೆ. ಇವು ಯಾವುವೂ ಕಡ್ಡಾಯವಲ್ಲ. ಹಾಗಾಗಿಯೇ ಬಹಳ ಜನ ಸೇರುವುದಿಲ್ಲ. ಸೇರಿದವರಲ್ಲೂ ಬಹಳ ಜನ ಸದಸ್ಯತ್ವದ ಹಣ ಕಟ್ಟಿ, ಕೆಲಸ ಸಿಗಲಿಲ್ಲವಲ್ಲ ಎಂದು ಗೊಣಗುತ್ತಾರೆ.

ಸಂಘ ಕೆಲಸ ಕೊಡುವುದಿಲ್ಲ. ಟೊರೊಂಟೊದ ಬೇ ಸ್ಟ್ರೀಟಿನ ಯಾವುದೋ ದೊಡ್ಡ ಕಚೇರಿಯ ಹಾಲಿನಲ್ಲಿ ಒಂದು ಸಂಜೆ ಸಭೆ ಅಂತಿಟ್ಟುಕೋ. ಎದೆಗೆ ಅಂಟಿಸಿಕೊಂಡ ಹೆಸರಿನ ಚೀಟಿ, ಒಂದು ಕೈಯಲ್ಲಿ ಸಮೋಸ, ಇನ್ನೊಂದರಲ್ಲಿ ಜ್ಯೂಸ್, ಕೈಕುಲುಕಲು ಮೂರನೆಯ ಕೈ ಇಲ್ಲ. ಹೊಸಬರು ಬಾಗಿಲಲ್ಲಿ ಕಂಡ ಮೊದಲ ಹಿರಿಯರನ್ನೇ ಹಿಡಿದು, ‘ಸರ್, ನಾನು ಇಂಡಿಯಾದಲ್ಲಿ ಹನ್ನೆರಡು ವರ್ಷ ಪ್ರಾಕ್ಟೀಸ್ ಮಾಡಿದ್ದೇನೆ, ಆರ್ಟಿಕ್ಲಿಂಗ್ ಕೊಡಿಸಿ’ ಅನ್ನುತ್ತಾರೆ. ಆ ಹಿರಿಯರು ನಗುತ್ತಾರೆ, ಕಾರ್ಡ್ ಕೊಡುತ್ತಾರೆ, ಮರೆಯುತ್ತಾರೆ. ನೀನು ಹಾಗೆ ಮಾಡಬೇಡ. ಅವರ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳು. ಬಾಡಿಗೆ ವ್ಯಾಜ್ಯದ ಟ್ರಿಬ್ಯೂನಲ್‌ನಲ್ಲಿ ಸಾಕ್ಷ್ಯ ಹೇಗೆ ನಡೆಯುತ್ತದೆ, ಕೌಟುಂಬಿಕ ಪ್ರಕರಣಕ್ಕೆ ಮೊದಲ ದಿನ ಏನು ತಯಾರಿ ಮಾಡುತ್ತೀರಿ, ಇಂಥದ್ದು. ಇಪ್ಪತ್ತು ನಿಮಿಷ ಕಾಫಿಗೆ ಸಿಗುತ್ತೀರಾ ಎಂದು ಮರುದಿನ ಮೇಲ್ ಬರೆ. ಇಲ್ಲಿ ಅದು ದೊಡ್ಡ ದಾಕ್ಷಿಣ್ಯದ ಮಾತಲ್ಲ, ರೂಢಿ. ಆ ಕಾಫಿಯಲ್ಲೂ ಕೆಲಸ ಕೇಳಬೇಡ. ನಿನ್ನ ಬಯೋಡೇಟಾ ತಿದ್ದಿಕೊಡಿ ಅನ್ನು. ಹುಟ್ಟಿದ ದಿನಾಂಕ, ತಂದೆಯ ಹೆಸರು, ಮದುವೆಯಾಗಿದೆಯೋ ಇಲ್ಲವೋ, ಫೋಟೋ, ಇವೆಲ್ಲ ಹೊಡೆದುಹಾಕಿ ಎರಡು ಪುಟಕ್ಕೆ ಇಳಿಸಿಕೊಡುತ್ತಾರೆ. ಹಾಗೆ ತಿದ್ದಿದವರಿಗೆ ನಿನ್ನ ಹೆಸರು ನೆನಪಿರುತ್ತದೆ.

ಅದಕ್ಕಿಂತ ಮುಖ್ಯ, ಒಂದು ಸಮಿತಿ ಸೇರು. ಯಾರಿಗೂ ಬೇಡವಾದ ಸಮಿತಿಯೇ ಆಗಲಿ. ಉಪನ್ಯಾಸಕರನ್ನು ಕರೆಯುವುದು, ಎನ್‌ಸಿಎ ಓದುವವರ ಗುಂಪು ಕಟ್ಟುವುದು, ಅಣಕು ಸಂದರ್ಶನಕ್ಕೆ ವೇಳೆ ಹೊಂದಿಸುವುದು. ಹೇಳಿದ ದಿನಕ್ಕೆ ಹೇಳಿದ ಕೆಲಸ ಮುಗಿಸುವವಳು ಎಂದು ಆರು ಜನ ವಕೀಲರಿಗೆ ಗೊತ್ತಾದರೆ, ಅದು ಎಷ್ಟೋ ಅರ್ಜಿ ಹಾಕಿದ್ದಕ್ಕಿಂತ ಮೇಲು.

ನಮ್ಮವರ ನಡುವೆಯೇ ಉಳಿದುಬಿಡುವ ಆಸೆಯೊಂದು ಬರುತ್ತದೆ, ಅದನ್ನೂ ನೋಡಿಕೋ. ಟೊರೊಂಟೊ ಪಕ್ಕದ ಬ್ರಾಂಪ್ಟನ್ನಿನಲ್ಲಿ ಮನೆ ಮಾಡುವವಳಾದರೆ, ಅಲ್ಲಿನ ವಕೀಲರೆಲ್ಲ ಸೇರುವ ಪೀಲ್ ಲಾ ಅಸೋಸಿಯೇಷನ್‌ಗೂ ಹೋಗು. ಊರಿನಲ್ಲಿ ಬಾರ್ ರೂಮಿನ ಹರಟೆಯಲ್ಲಿ ಎಷ್ಟು ಕಾನೂನು ಕಲಿತೆ ಎಂಬುದು ನಿನಗೇ ಗೊತ್ತು.

ಸಂಘ ಅಂದ ಮಾತ್ರಕ್ಕೆ ಅದು ಹೊಸಬರ ಪರ ಎಂದೇನೂ ಇಲ್ಲ, ಬಿಡು. 1894ರಲ್ಲಿ ಗಾಂಧೀಜಿ ವಕೀಲರಾಗಲು ದಕ್ಷಿಣ ಆಫ್ರಿಕಾದ ನಟಾಲ್‌ನ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ವಿರೋಧಿಸಿದ್ದು ಅಲ್ಲಿನ ವಕೀಲರೇ ಕೂಡಿದ್ದ ಲಾ ಸೊಸೈಟಿ. ಇಂಗ್ಲೆಂಡಿನ ಮೂಲ ಪ್ರಮಾಣಪತ್ರ ಲಗತ್ತಿಸಿಲ್ಲ ಎಂಬುದು ಒಂದು ತಕರಾರು. ಅಸಲು ತಕರಾರು ಬಣ್ಣದ್ದು. ಕೋರ್ಟ್ ಎರಡನ್ನೂ ತಳ್ಳಿಹಾಕಿ ಸೇರಿಸಿಕೊಂಡಿತು. ಕೆನಡಾದ ಕಥೆಯೂ ಬೇರೆಯಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ ಭಾರತೀಯರಿಗೆ 1947ರವರೆಗೆ ಮತದ ಹಕ್ಕೇ ಇರಲಿಲ್ಲ, ಮತವಿಲ್ಲದವರಿಗೆ ವಕೀಲಿಯೂ ಇರಲಿಲ್ಲ. ಆ ಪ್ರಾಂತ್ಯದಲ್ಲಿ ವಕೀಲರಾಗಲು ಕೆನಡಾದ ಪೌರತ್ವ ಬೇಕೆಂಬ ನಿಯಮವನ್ನು ದೇಶದ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1989ರಲ್ಲಿ, ಆಂಡ್ರ್ಯೂಸ್ ಪ್ರಕರಣದಲ್ಲಿ. ನಿನ್ನ ಸಂವಿಧಾನದ ಪತ್ರಿಕೆಗೆ ಅದನ್ನು ಹೇಗೂ ಓದಲೇಬೇಕು, ಓದುವಾಗ ಪಿ.ಆರ್. ಕಾರ್ಡ್ ಪಕ್ಕದಲ್ಲಿಟ್ಟುಕೊಂಡು ಓದು.

ಮೂಲ ಪ್ರಮಾಣಪತ್ರದ ಕಾಟ ಇಂದಿಗೂ ಹೋಗಿಲ್ಲ. ಎನ್‌ಸಿಎಗೆ ಅಂಕಪಟ್ಟಿ ನೀನು ಕಳಿಸಿದರೆ ನಡೆಯುವುದಿಲ್ಲ, ವಿಶ್ವವಿದ್ಯಾಲಯವೇ ನೇರವಾಗಿ ಕಳಿಸಬೇಕು. ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯ ನಿನಗೆ ಬಸ್ಸಿನ ದಾರಿಯಲ್ಲೇ ಇದೆ. ಊರಲ್ಲಿರುವಾಗಲೇ ಅರ್ಜಿ ಹಾಕಿ, ಶುಲ್ಕ ಕಟ್ಟಿ, ರವಾನೆಯಾದ ಸಂಖ್ಯೆ ಕೈಗೆ ಬರುವವರೆಗೆ ಕೌಂಟರ್ ಬಿಡಬೇಡ. ಇಲ್ಲಿ ಕೂತು, ರಾತ್ರಿ ನಿದ್ದೆಗೆಟ್ಟು ಹುಬ್ಬಳ್ಳಿಗೆ ಫೋನ್ ಹಚ್ಚುವ ಪಾಡು ಯಾರಿಗೂ ಬೇಡ. ರಾಜ್ಯ ವಕೀಲರ ಪರಿಷತ್ತಿನಿಂದ ನಿನ್ನ ಸನ್ನದು ಊರ್ಜಿತವಾಗಿದೆ ಎಂಬ ಪತ್ರವನ್ನೂ ಈಗಲೇ ತೆಗೆಸಿಡು.

ಇನ್ನೊಂದು ಎಚ್ಚರ. ಕನ್ನಡ ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ನೀನು ಲಾಯರು ಎಂದು ಗೊತ್ತಾದ ಕ್ಷಣಕ್ಕೆ ಪಕ್ಕದ ಎಲೆಯವರು ಕೇಳಲು ಶುರು ಮಾಡುತ್ತಾರೆ: ಬೇಸ್‌ಮೆಂಟಿನ ಬಾಡಿಗೆದಾರ ಬಿಡುತ್ತಿಲ್ಲ, ಅತ್ತೆಯ ವೀಸಾ ತಿರಸ್ಕಾರವಾಯಿತು. ನಿನಗೆ ಉತ್ತರ ಗೊತ್ತಿರಲೂಬಹುದು. ಲೈಸೆನ್ಸ್ ಇಲ್ಲದೆ ಕಾನೂನು ಸಲಹೆ ಕೊಡುವುದು ಒಂಟಾರಿಯೊದಲ್ಲಿ ಅಪರಾಧ, ಪುಕ್ಕಟೆ ಕೊಟ್ಟೆ ಎಂದು ತಪ್ಪಿಸಿಕೊಳ್ಳುವ ಲೆಕ್ಕ ಬೇಡ. ನಾಳೆ ಲಾ ಸೊಸೈಟಿ ನಿನ್ನ ನಡತೆ ವಿಚಾರಿಸುವಾಗ ಇದೇ ಮುಳ್ಳಾದೀತು. ವಕೀಲರ ಸಂಘದ ಸಭೆಯಲ್ಲಿ ಪರಿಚಯವಾದ ಬಾಡಿಗೆ ವ್ಯಾಜ್ಯದ ವಕೀಲರ ನಂಬರು ಕೊಟ್ಟು ಪಾಯಸಕ್ಕೆ ಕೈ ಹಾಕು. ಕಳಿಸಿಕೊಟ್ಟ ಕಕ್ಷಿದಾರನನ್ನು ಆ ವಕೀಲರೂ ಮರೆಯುವುದಿಲ್ಲ.

ನೀನು ಹಣದ ವಿಷಯವೂ ಕೇಳಿದ್ದೆ. ಎಲ್ಲ ಸಂಘಕ್ಕೂ ಒಮ್ಮೆಲೇ ದುಡ್ಡು ಸುರಿಯಬೇಡ. ವಿದ್ಯಾರ್ಥಿಗಳಿಗೆ, ಲೈಸೆನ್ಸ್ ಹಾದಿಯಲ್ಲಿರುವವರಿಗೆ ರಿಯಾಯಿತಿ ಇದೆಯೇ ಎಂದು ಮೊದಲು ಕೇಳು. ಕಳೆದ ವರ್ಷ ಆ ಸಂಘ ಏನೇನು ನಡೆಸಿತು ಎಂದು ನೋಡು. ಓದುವ ಗುಂಪು, ಮಾರ್ಗದರ್ಶಕರನ್ನು ಜೋಡಿಸುವ ಯೋಜನೆ, ಕೋರ್ಟ್ ಭೇಟಿ ಇದ್ದರೆ ಸೇರು. ಝಗಮಗ ಫೋಟೋ, ಪ್ರಶಸ್ತಿ ಪ್ರದಾನ, ರೇಷ್ಮೆ ಸೀರೆ ಮಾತ್ರ ಇದ್ದರೆ ಲೈಸೆನ್ಸ್ ಬಂದ ಮೇಲೆ ನೋಡೋಣ. ಗಾಲಾ ಔತಣದ ಟಿಕೆಟ್ ಈ ವರ್ಷ ಬೇಡ. ಆ ದುಡ್ಡಿಗೆ ಚಳಿಗಾಲದ ಬೂಟು ಕೊಂಡುಕೋ.